ಬೋರ್ಡು ಹೊತ್ತ ನಲವತ್ತನಾಲ್ಕು ಪಾಲೆ ಮರಗಳು

ಹೃಷೀಕೇಶ ಎಂಬ ಹೆಸರು ಕೇಳಿದವರಿಗೆ ಮೊದಲು ಬ್ಯಾಂಕಿನ ಕುರ್ಚಿಯೊಂದು ಕಣ್ಣಿಗೆ ಕಟ್ಟುತ್ತಿತ್ತು. ಆಮೇಲೆ ಹೆಸರಿನ ಒಡೆಯ ಎದುರು ಬರುತ್ತಿದ್ದ: ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಉಗುರಿನೊಳಗೆ ಕೆಂಪುಮಣ್ಣು, ಕಿಸೆಯಲ್ಲಿ ಒಂದು ಪೆನ್ನು. ಪೆನ್ನು ಯಾಕೆಂದರೆ ಅವನು ಬಿ.ಎಸ್ಸಿ., ಸಸ್ಯಶಾಸ್ತ್ರ, ಮೂರನೆಯ ದರ್ಜೆ. ಮೂರನೆಯ ದರ್ಜೆ ಎಂಬುದನ್ನು ಯಾರೂ ಕೇಳುವ ಮೊದಲೇ ಅವನೇ ಹೇಳಿಬಿಡುತ್ತಿದ್ದ. ಬೇರೆಯವರು ಹೇಳಿ ನಗುವುದಕ್ಕಿಂತ ತಾನೇ ಹೇಳಿ ನಕ್ಕರೆ ನೋವು ಅರ್ಧಕ್ಕೆ ಮುಗಿಯುತ್ತದೆ ಎಂಬುದು ಅವನು ಕಾಲೇಜಿನಲ್ಲಿ ಸರಿಯಾಗಿ ಕಲಿತ ಒಂದೇ ಪಾಠ.

೧೯೮೧ರಿಂದ ಅವನಿಗೆ ಮಣಿಪಾಲದ ಗುಡ್ಡದ ಇಳಿಜಾರಿನಲ್ಲಿ, ಒಂದು ಗೃಹನಿರ್ಮಾಣ ಸಂಘದ ಹೊಸ ಬಡಾವಣೆಯಲ್ಲಿ ಕೆಲಸ. ಹುದ್ದೆಯ ಹೆಸರು ‘ಉದ್ಯಾನ ಮೇಲ್ವಿಚಾರಕ’. ಕೈಕೆಳಗೆ ಒಬ್ಬರೂ ಇಲ್ಲದ್ದರಿಂದ ತನ್ನ ಮೇಲ್ವಿಚಾರಣೆಯನ್ನು ತಾನೇ ಮಾಡಿಕೊಳ್ಳಬೇಕಿತ್ತು. ಸಂಬಳವಲ್ಲ, ದಿನಗೂಲಿ. ಜೋರು ಮಳೆ ಬಂದು ಕೆಲಸ ನಿಂತ ದಿನ ಅದೂ ಇಲ್ಲ. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಸುರಿಯುವ ಉಡುಪಿಯಂಥ ಊರಿನಲ್ಲಿ ಈ ಷರತ್ತಿಗೆ ಸಹಿ ಹಾಕಿದವನನ್ನು ಪದವೀಧರ ಎಂದು ಕರೆಯಬಾರದು ಎಂದು ಅವನೇ ಹೇಳುತ್ತಿದ್ದ.

ಆ ಬಡಾವಣೆ ಎಂದರೆ ಆಗ ಬೋಳು ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ಗುಡ್ಡ. ಏಪ್ರಿಲಿನಲ್ಲಿ ಬರಿಗಾಲಲ್ಲಿ ನಡೆದರೆ ಅಂಗಾಲು ಕಾವಲಿಯ ಮೇಲಿನ ದೋಸೆಯ ಹಾಗೆ ಆಗುತ್ತಿತ್ತು. ಮುಖ್ಯರಸ್ತೆಯ ಎರಡೂ ಬದಿಗೆ ನೆರಳಿನ ಮರ ಬೇಕೆಂದು ಸಂಘ ತೀರ್ಮಾನಿಸಿತು. ಯಾವ ಮರ ಎಂಬುದನ್ನು ನಿರ್ಧರಿಸಲು ಅರ್ಧ ಕಟ್ಟಿದ ಮನೆಯೊಂದರ ಮೆಟ್ಟಿಲ ಮೇಲೆ ಸಭೆ ಸೇರಿತು.

“ಅಶೋಕ ಇಡುವ,” ಎಂದರು ಕಾರ್ಯದರ್ಶಿ ಕೃಷ್ಣರಾಜ ಮಾಸ್ಟ್ರು. ನಿವೃತ್ತ ಹೆಡ್‌ಮಾಸ್ಟ್ರು ಅವರು. ಸಾಲಾಗಿ ನಿಂತದ್ದೆಲ್ಲ ಅವರಿಗೆ ಇಷ್ಟ.

“ಅಶೋಕದ ನೆರಳು ಅದರ ಕಾಲಿಗೇ ಸಾಲುವುದಿಲ್ಲ ಸರ್,” ಎಂದ ಹೃಷೀಕೇಶ.

“ಗುಲ್‌ಮೊಹರ್ ಆಗಲಿ,” ಎಂದರು ಸಿಲ್ವೆಸ್ಟರ್. ಕಾಪುವಿನವರು, ಬಹರೈನಿನಲ್ಲಿ ಕೆಲಸ, ರಜೆಯಲ್ಲಿ ಬಂದವರು. “ಅಲ್ಲಿ ಫೋಟೋ ತೋರಿಸಲಿಕ್ಕೆ ಒಂದು ಕೆಂಪು ಬೇಕು ಮಾರಾಯ್ರೆ.”

“ಬೇರು ಮೇಲೆಮೇಲೆಯೇ ಓಡುವುದು. ಜೂನಿನ ಮೊದಲ ಗಾಳಿಗೆ ಕರೆಂಟಿನ ತಂತಿ ಸಮೇತ ಮಲಗುತ್ತದೆ.”

“ಮಾವು, ಹಲಸು ಬೇಡವಾ?” ಎಂದರು ಮೂಲೆಯ ಸೈಟಿನ ನರ್ಮದಕ್ಕ. “ನೆರಳೂ ಆಯಿತು, ಉಪ್ಪಿನಕಾಯಿಯೂ ಆಯಿತು.”

“ಯಾರ ಗೇಟಿನೆದುರಿನ ಮಾವು ಯಾರದ್ದು ಅಂತ ಸಂಘ ಒಬ್ಬ ವಕೀಲರನ್ನು ಇಡಬೇಕಾದೀತು ನರ್ಮದಕ್ಕ. ಹಲಸು ಬಿದ್ದರೆ ಆಸ್ಪತ್ರೆಯವರನ್ನೂ ಇಡಬೇಕು.”

ಅಶ್ವತ್ಥ ಎಂದಿತು ಒಂದು ದನಿ. ನೆಟ್ಟ ಐದು ವರ್ಷಕ್ಕೆ ಕಟ್ಟೆ ಬರುತ್ತದೆ, ಹತ್ತು ವರ್ಷಕ್ಕೆ ನಾಗನ ಕಲ್ಲು ಬರುತ್ತದೆ, ಆಮೇಲೆ ರಸ್ತೆಯೇ ಇರುವುದಿಲ್ಲ ಎಂದು ಮಾಸ್ಟ್ರೇ ಅದನ್ನು ಕೈಬಿಟ್ಟರು. ಕಡಲಬದಿಯ ಹೊನ್ನೆ ಒಳ್ಳೆಯದೇ, ಆದರೆ ಅದು ನೆರಳು ಕೊಡುವಷ್ಟರಲ್ಲಿ ಇಲ್ಲಿ ಕೂತವರೆಲ್ಲ ಫೋಟೋಕ್ಕೆ ಹಾರ ಹಾಕಿಸಿಕೊಂಡಿರುತ್ತಾರೆ. ಬಾದಾಮಿ ಮರದ ಎಲೆ ಗುಡಿಸುವವರು ಯಾರು. ಎಲ್ಲ ಮರಗಳೂ ಬಿದ್ದುಹೋದ ಮೇಲೆ ಹೃಷೀಕೇಶ ತನ್ನದನ್ನು ಎತ್ತಿದ: ಹಾಲೆ. ತುಳುವಿನಲ್ಲಿ ಪಾಲೆ.

ಅವನ ವಾದ ಬಿಗಿಯಾಗಿತ್ತು. ಮುರಕಲ್ಲಿನಲ್ಲಿ ಬರುತ್ತದೆ, ಬೇಗ ಬೆಳೆಯುತ್ತದೆ. ಕಾಂಡ ನೆಟ್ಟಗೆ, ಮೇಲೆ ಅಂತಸ್ತು ಅಂತಸ್ತಾಗಿ ಕೊಡೆ ಬಿಡಿಸಿದ ಹಾಗೆ ಎಲೆ. ವರ್ಷವಿಡೀ ಹಸಿರು. ಹಾಲಿರುವುದರಿಂದ ದನ ಬಾಯಿ ಹಾಕುವುದಿಲ್ಲ, ಆಡು ಮೂಸುವುದಿಲ್ಲ. ತಿನ್ನುವ ಹಣ್ಣಿಲ್ಲದ್ದರಿಂದ ಯಾರೂ ಕಲ್ಲು ಹೊಡೆಯುವುದಿಲ್ಲ. ದನ, ಆಡು, ಗಾಳಿ, ಕಲ್ಲು ಎಲ್ಲವನ್ನೂ ಅವನು ಲೆಕ್ಕಕ್ಕೆ ಹಿಡಿದಿದ್ದ. ಮನುಷ್ಯರನ್ನು ಹಿಡಿಯಲಿಲ್ಲ.

ಕಾರ್ಕಳ ದಾಟಿ ಬಜಗೋಳಿಯಲ್ಲಿ ಕಸಿ ಕಟ್ಟುವ ಭೋಜ ಎಂಬ ಮುದುಕನೊಬ್ಬ ಇದ್ದ. ಗಿಡಗಳನ್ನು ತಂದದ್ದು ಅವನಲ್ಲಿಂದ. ಪಿಕ್ಕಾಸಿನಲ್ಲಿ ಮುರಕಲ್ಲು ಕಡಿದು ಎರಡೂವರೆ ಅಡಿಯ ಹೊಂಡ ಮಾಡಿ, ಸುಡುಮಣ್ಣು ತುಂಬಿ, ಆ ಜೂನಿನಲ್ಲಿ ನಲವತ್ತನಾಲ್ಕು ನೆಟ್ಟ. ಮೊದಲ ಮೂರು ಬೇಸಿಗೆ ಪಂಪ್‌ಹೌಸಿನಿಂದ ಕೊಡಪಾನದಲ್ಲಿ ನೀರು ಹೊತ್ತ. ಒಂದೂ ಸಾಯಲಿಲ್ಲ. ಐದು ವರ್ಷದಲ್ಲಿ ಕಾಂಡ ತೊಡೆಗಾತ್ರ ಬಂತು. ಬಸ್ಸಿಗೆ ಹೋಗುವವರು ಈಗ ಕೊಡೆ ಬಿಡಿಸದೆ ನಡೆಯುತ್ತಿದ್ದರು. ಯಾರೂ ಅವನನ್ನು ಹೊಗಳಲಿಲ್ಲ. ನೆರಳನ್ನು ಯಾರು ಹೊಗಳುತ್ತಾರೆ, ಬಿಸಿಲನ್ನು ಬೈಯುವುದೊಂದೇ ಜನರಿಗೆ ಗೊತ್ತು ಎಂದು ಅವನು ಸಮಾಧಾನ ಮಾಡಿಕೊಂಡ.

೧೯೮೬ರ ಮಾರ್ಚಿನಲ್ಲಿ ಸಂಘ ಒಂದು ಠರಾವು ಮಾಡಿತು. ಆಗಸ್ಟ್ ಮೂವತ್ತೊಂದರ ಮಹಾಸಭೆಯ ದಿನ ಮುಖ್ಯರಸ್ತೆಯಲ್ಲಿ ಕನಿಷ್ಠ ನಲವತ್ತು ಮರ ಜೀವಂತ ನಿಂತಿದ್ದರೆ ಹೃಷೀಕೇಶನನ್ನು ಖಾಯಂ ಮಾಡುವುದು, ಪಂಪ್‌ಹೌಸಿನ ಪಕ್ಕದ ಎರಡು ಕೋಣೆಯನ್ನು ಅವನ ವಾಸಕ್ಕೆ ಕೊಡುವುದು. ಇಲ್ಲದಿದ್ದರೆ ಗಿಡಮರದ ಕೆಲಸವನ್ನು ಗುತ್ತಿಗೆದಾರನಿಗೆ ವಹಿಸುವುದು.

ಖಾಯಂ ಎಂಬುದಕ್ಕಿಂತ ಆ ಎರಡು ಕೋಣೆ ಅವನ ನಿದ್ದೆಯೊಳಗೆ ಬಂದು ಕೂತಿತು. ಅಂಬಲಪಾಡಿಯಲ್ಲಿ ಅವನೂ ಅಮ್ಮ ವನಜಾಕ್ಷಿಯೂ ಇದ್ದದ್ದು ಬಾಡಿಗೆಯ ಒಂದು ಕೋಣೆ. ಒಡೆಯರು ಅದನ್ನು ಕೆಡವಿ ಲಾಡ್ಜು ಕಟ್ಟುವವರಿದ್ದರು. ದೀಪಾವಳಿಯೊಳಗೆ ಬಿಡಬೇಕೆಂದು ಹೇಳಿಯಾಗಿತ್ತು. ಅಮ್ಮನಿಗೆ ಮಂಡಿನೋವು, ದೂರ ಹೋಗುವ ಹಾಗಿಲ್ಲ. ಅವಳು ಒಂದು ಆದಿತ್ಯವಾರ ಬಸ್ಸಿನಲ್ಲಿ ಬಂದು ಆ ಕೋಣೆಗಳನ್ನು ನೋಡಿ, ಒಲೆ ಎಲ್ಲಿ, ನೀರಿನ ಹಂಡೆ ಎಲ್ಲಿ ಎಂದು ಗೋಡೆಗೆ ಇದ್ದಿಲಿನಲ್ಲಿ ಗುರುತು ಹಾಕಿ ಹೋಗಿದ್ದಳು.

ತೊಂದರೆ ಸುರುವಾದದ್ದು ಅದಕ್ಕಿಂತ ಮೊದಲೇ, ಮರಗಳು ಮೊದಲ ಸಲ ಹೂ ಬಿಟ್ಟಾಗ. ಪಾಲೆಯ ಹೂವಿನ ಪರಿಮಳ ಅತಿಯಾದ ಆತಿಥ್ಯದ ಹಾಗೆ. ಒಳ್ಳೆಯದೇ, ಆದರೆ ಬಿಡುವುದಿಲ್ಲ. ಸಿಲ್ವೆಸ್ಟರರ ಹೆಂಡತಿ ಡುಲ್ಸಿನ್ ಬಾಯಿಗೆ ತಲೆನೋವು ಬಂತು. ನರ್ಮದಕ್ಕ ಒಂದು ಹೆಜ್ಜೆ ಮುಂದೆ ಹೋದರು.

“ಪಾಲೆಯಲ್ಲಿ ಪ್ರೇತ ಇರುತ್ತದೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು.”

“ನಲವತ್ತನಾಲ್ಕು ಮರಕ್ಕೆ ಬೇಕಾಗುವಷ್ಟು ಪ್ರೇತ ಎಲ್ಲಿಂದ ತರುವುದು ನರ್ಮದಕ್ಕ? ಈ ಬಡಾವಣೆಯಲ್ಲಿ ಇನ್ನೂ ಒಬ್ಬರೂ ಸತ್ತಿಲ್ಲ.”

ನಗೆಯಿಂದ ಅದು ನಿಲ್ಲಲಿಲ್ಲ. ಮರ ಕಡಿಸಬೇಕೆಂದು ಏಳು ಮನೆಯವರ ಸಹಿಯ ಅರ್ಜಿ ಬಂತು. ಗಾಬರಿಯಾದ ಹೃಷೀಕೇಶ ತನ್ನ ಮೂರನೆಯ ದರ್ಜೆಯನ್ನೆಲ್ಲ ಒಟ್ಟು ಮಾಡಿ ಉಪಾಯವೊಂದನ್ನು ಹೂಡಿದ. ಎಣ್ಣೆಯ ಖಾಲಿ ಡಬ್ಬಿಗಳನ್ನು ಕತ್ತರಿಸಿ, ಹಳದಿ ಬಣ್ಣ ಬಳಿದು, ಕಪ್ಪಿನಲ್ಲಿ ತಾನೇ ಬರೆದ: ‘ಪಾಲೆ ಮರ. ಸಂಸ್ಕೃತದಲ್ಲಿ ಸಪ್ತಪರ್ಣಿ. ಶ್ರೇಷ್ಠ ಔಷಧ ವೃಕ್ಷ. ಆಟಿ ಅಮಾವಾಸ್ಯೆಯ ಕಷಾಯದ ಮರ ಇದೇ.’ ನಲವತ್ತನಾಲ್ಕು ಬೋರ್ಡು. ಒಂದೊಂದು ಮರಕ್ಕೂ ಕತ್ತದ ಹಗ್ಗದಲ್ಲಿ ಕಟ್ಟಿದ. ಮೊಳೆ ಹೊಡೆದರೆ ಮರಕ್ಕೆ ನೋವು ಎಂದು. ಓದಿದವರ ದನಿ ಬದಲಾಯಿತು. ಔಷಧ ಎಂದ ಮೇಲೆ ತಲೆನೋವೂ ಕಡಿಮೆಯಾಯಿತು. ಅರ್ಜಿ ಕಡತದೊಳಗೆ ಮಲಗಿತು. ಅಷ್ಟು ಬುದ್ಧಿವಂತ ತಾನು ಎಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ಆಟಿ ಎಂದರೆ ತುಳುವರ ಮಳೆಗಾಲದ ನಡುವಿನ ತಿಂಗಳು. ಅದರ ಅಮಾವಾಸ್ಯೆಯ ದಿನ ಸೂರ್ಯ ಏಳುವ ಮೊದಲು ಪಾಲೆಯ ತೊಗಟೆಯನ್ನು ಕಬ್ಬಿಣ ತಾಗಿಸದೆ, ಕಲ್ಲಿನಿಂದಲೇ ಜಜ್ಜಿ ತೆಗೆದು ತಂದು, ಅದರ ರಸಕ್ಕೆ ಕರಿಮೆಣಸು, ಬೆಳ್ಳುಳ್ಳಿ, ಓಮ ಅರೆದು ಹಾಕಿ ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಾರೆ. ಆ ಒಂದು ದಿನ ಆ ತೊಗಟೆಯಲ್ಲಿ ಸಾವಿರ ಮದ್ದಿನ ಸತ್ವ ಸೇರುತ್ತದೆ ಎಂಬುದು ನಂಬಿಕೆ. ಆಪತ್ತು ಒಂದೇ: ನಸುಕಿನಲ್ಲಿ ಮರ ತಪ್ಪುವುದು. ಹಿಂದಿನ ವರ್ಷ ಉದ್ಯಾವರದ ಆಚೆ ಒಂದು ಮನೆಯವರು ಪಾಲೆ ಎಂದು ಕಾಸರ್ಕ ಎಂಬ ವಿಷದ ಮರದ ತೊಗಟೆ ತಂದು ಕುಡಿದು, ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದರು. ಜೀವ ಉಳಿದದ್ದೇ ದೊಡ್ಡದು. ಈ ವರ್ಷ ಎಲ್ಲರಿಗೂ ಒಂದೇ ಹೆದರಿಕೆ, ಒಂದೇ ಪ್ರಶ್ನೆ: ಸರಿಯಾದ ಪಾಲೆ ಎಲ್ಲುಂಟು?

ಆಗಸ್ಟ್ ಐದು, ಆಟಿ ಅಮಾವಾಸ್ಯೆ. ಬೆಳಿಗ್ಗೆ ಅಮ್ಮ ಕಷಾಯದ ಲೋಟ ಮುಂದಿಟ್ಟಳು. ಹೃಷೀಕೇಶ ಮೂಗು ಹಿಡಿದು ಅರ್ಧ ಕುಡಿದ. ಕಹಿ ನಾಲಿಗೆಯಿಂದ ಹೊರಟು ಕಿವಿಯವರೆಗೆ ಹೋಯಿತು. ಓಣಿಯ ಎಲ್ಲ ಮನೆಗೂ ಪ್ರತಿ ವರ್ಷ ತೊಗಟೆ ತಂದುಕೊಡುತ್ತಿದ್ದ ಬೂಬ ಬಾಗಿಲಲ್ಲಿ, ಕಷಾಯದ ಮೇಲೆ ತಂಪಿಗೆಂದು ಕುಡಿಯುವ ಮೆಂತ್ಯದ ಗಂಜಿಗೆ ಕಾದು ನಿಂತಿದ್ದ. ತೆಂಗಿನ ಮರ ಹತ್ತುವುದು ಅವನ ಕಸುಬು.

“ಸರಿ ನೋಡಿ ತಂದಿದ್ದೀಯಲ್ಲ ಬೂಬಾ?” ಎಂದಳು ಅಮ್ಮ. “ಕಳೆದ ವರ್ಷದ್ದು ಕೇಳಿದ ಮೇಲೆ ಹೆದರಿಕೆ ಆಗುತ್ತದೆ.”

“ಈ ಸಲ ಹೆದರಿಕೆಯೇ ಇಲ್ಲ ಅಮ್ಮ. ಬೋರ್ಡ್ ಉಂಟು.”

“ಎಂತ ಬೋರ್ಡು?”

“ಮಣಿಪಾಲದ ಗುಡ್ಡೆಯಲ್ಲಿ. ಸಾಲಾಗಿ ಪಾಲೆ, ಒಂದೊಂದಕ್ಕೂ ಬೋರ್ಡು. ಕಷಾಯದ ಮರ ಇದೇ ಅಂತ ಬರೆದಿದ್ದಾರೆ. ಓದಿದವರು ಯಾರೋ ಪುಣ್ಯವಂತರು. ಜನ ಎಂತ ಜನ ಅಂತೀರಿ. ಪರ್ಕಳದವರು, ಉದ್ಯಾವರದವರು, ಬಾಡಿಗೆ ಜೀಪು ಮಾಡಿ ಬಂದವರೂ ಇದ್ದರು. ನನಗೆ ಸಿಕ್ಕಿದ್ದೇ ಕಷ್ಟದಲ್ಲಿ.”

ಹೃಷೀಕೇಶನ ಕೈಯಲ್ಲಿ ಇನ್ನರ್ಧ ಲೋಟ ಇತ್ತು. ಪುಣ್ಯವಂತ ಅದನ್ನು ಕೆಳಗಿಟ್ಟು, ಚಪ್ಪಲಿ ಹುಡುಕದೆ ಬಸ್ಸಿಗೆ ಓಡಿದ.

ಮಳೆ ಹನಿಯುತ್ತಿತ್ತು. ರಸ್ತೆಯ ತಿರುವಿನಲ್ಲಿ ನಿಂತು ನೋಡಿದಾಗ ಅವನಿಗೆ ಮೊದಲು ಅರ್ಥವಾಗಲಿಲ್ಲ. ಮರಗಳಿಗೆ ಯಾರೋ ಸುಣ್ಣ ಬಳಿದ ಹಾಗಿತ್ತು. ಮೊಣಕಾಲಿನಿಂದ ತಲೆಯೆತ್ತರದವರೆಗೆ ಸುತ್ತಲೂ ತೊಗಟೆ ಇರಲಿಲ್ಲ. ಬಿಳಿ ಮೈ. ಅದರ ಮೇಲಂಚಿನಿಂದ ಹಾಲು ಇಳಿದು ಮಳೆನೀರಿಗೆ ಸೇರಿ ಚರಂಡಿಯಲ್ಲಿ ಹರಿಯುತ್ತಿತ್ತು. ಬುಡದಲ್ಲಿ ಜಜ್ಜಿದ ಕಲ್ಲುಗಳು. ಬೋರ್ಡುಗಳನ್ನು ಮಾತ್ರ ಬಿಚ್ಚಿ ಅಚ್ಚುಕಟ್ಟಾಗಿ ಕೊಂಬೆಗೆ ಕಟ್ಟಿದ್ದರು. ನಂತರ ಬರುವವರಿಗೆ ಮರ ತಪ್ಪಬಾರದೆಂಬ ಕಾಳಜಿ. ಒಂದರಿಂದ ಒಂದಕ್ಕೆ ಓಡಿ ಎಲ್ಲವನ್ನೂ ಮುಟ್ಟಿ ನೋಡಿದ. ಪಂಪ್‌ಹೌಸಿನ ಹತ್ತಿರದ ಮೂರಕ್ಕೆ ಮಾತ್ರ ಗೋಡೆಯ ಬದಿಯಲ್ಲಿ ಮೂರು ಬೆರಳಗಲದ ಪಟ್ಟಿ ಉಳಿದಿತ್ತು. ಅಲ್ಲಿಗೆ ಯಾರ ಕೈಯೂ ಹೋಗುವ ಹಾಗಿರಲಿಲ್ಲ. ಉಳಿದ ನಲವತ್ತೊಂದು ಪೂರ್ತಿ ಬತ್ತಲೆ.

ಅವನು ಚರಂಡಿಯ ಕಲ್ಲಿನ ಮೇಲೆ ಕೂತ. ಬಾಯಿ ಇನ್ನೂ ಕಹಿಯಿತ್ತು.

ಮಾಸ್ಟ್ರು ಕೊಡೆ ಹಿಡಿದು ಬಂದರು. “ಎಂತ ಹೃಷೀಕೇಶ್, ಇಷ್ಟು ಬೇಗ?”

“ಮರ ಹೋಯಿತು ಸರ್.”

“ಎಲ್ಲಿಗೆ ಹೋಯಿತು? ಎಲೆ ಹಸಿರೇ ಉಂಟಲ್ಲ. ಜನ ಸ್ವಲ್ಪ ಅತಿ ಮಾಡಿದರು, ಒಪ್ಪುತ್ತೇನೆ. ನಮ್ಮ ಮನೆಗೂ ಎದುರಿನದ್ದರಿಂದಲೇ ತೆಗೆದದ್ದು. ನಿಮ್ಮ ಬೋರ್ಡು ನೋಡಿಯೇ ಧೈರ್ಯ ಬಂದದ್ದು.” ಅವರು ಕೊಡೆಯ ತುದಿಯಿಂದ ಕಾಂಡವನ್ನು ತಟ್ಟಿದರು. “ಗಟ್ಟಿ ಉಂಟು. ಚರ್ಮ ಹೋದರೆ ಚರ್ಮ ಬರುತ್ತದೆ, ಅಲ್ವಾ?”

ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಪುಸ್ತಕದಲ್ಲಿ ಓದಿದ್ದು ಸುಳ್ಳಾಗಲಿ ಎಂದು ಅವನು ಜೀವನದಲ್ಲಿ ಮೊದಲ ಸಲ ಆಸೆಪಟ್ಟ. ಆ ಆಸೆ ಹೊತ್ತು ಮರುದಿನ ಕಾರ್ಕಳದಲ್ಲಿ ಬಸ್ಸು ಬದಲಿಸಿ ಬಜಗೋಳಿಗೆ ಹೋದ.

ಭೋಜ ಗೋಣಿಚೀಲ ತಲೆಗೆ ಹಾಕಿಕೊಂಡು ಗೇರುಸಸಿಗಳ ನಡುವೆ ಕುಕ್ಕುರುಗಾಲಿನಲ್ಲಿದ್ದ. ಪೂರ್ತಿ ಕೇಳಿದ ಮೇಲೆ ಎಲೆಯಡಿಕೆ ಉಗಿದ.

“ಬೋರ್ಡು ಬರೆದವನು ಯಾರು?”

“ನಾನೇ ಭೋಜಣ್ಣ.”

“ಒಳ್ಳೆಯ ಅಕ್ಷರವಾ?”

“ದೂರದಿಂದಲೇ ಕಾಣುವ ಹಾಗೆ ಬರೆದಿದ್ದೆ.”

“ಹಾಗಾದರೆ ಯಾರನ್ನು ಬೈಯುವುದು ಮಾರಾಯ.” ಮುದುಕ ಎದ್ದು ನಿಂತ. “ನೋಡು, ನೀರು ಹತ್ತುವುದು ಒಳಗಿನ ಮರದಲ್ಲಿ. ಅದು ಉಂಟು. ಹಾಗಾಗಿ ಎಲೆ ಹಸಿರಿರುತ್ತದೆ, ಎರಡು ತಿಂಗಳು, ಮೂರು ತಿಂಗಳು. ಆದರೆ ಎಲೆ ಬೇಯಿಸಿದ ಅನ್ನ ಬೇರಿಗೆ ಇಳಿಯುವುದು ತೊಗಟೆಯಲ್ಲಿ. ಆ ದಾರಿ ಹೋಯಿತು. ಮೇಲೆ ಊಟದ ಮನೆ, ಕೆಳಗೆ ಉಪವಾಸ. ಬೇರು ಸತ್ತ ಮೇಲೆ ಮೇಲಿನವರಿಗೆ ನೀರು ಕೊಡುವವರು ಯಾರು?”

“ಎಂತ ಮಾಡುವುದು?”

“ಕಡಿ. ಗಾಯದ ಕೆಳಗೆ, ಮೊಣಕಾಲಿಗಿಂತ ತಗ್ಗಿನಲ್ಲಿ, ಓರೆಯಾಗಿ. ಸೆಗಣಿ ಮೆತ್ತು. ಮಳೆ ಇರುವಾಗಲೇ, ಈ ವಾರದಲ್ಲೇ. ಪಾಲೆ ಹಟದ ಮರ, ಬುಡದಿಂದ ಚಿಗುರುತ್ತದೆ. ಮೂರು ವರ್ಷಕ್ಕೆ ಪುನಃ ಮರ.”

“ಈ ತಿಂಗಳ ಮೂವತ್ತೊಂದು ಕಳೆದ ಮೇಲೆ ಕಡಿದರೆ?”

ಭೋಜ ಅವನ ಮುಖ ನೋಡಿದ. “ಮೂವತ್ತೊಂದಕ್ಕೆ ಎಂತ ಉಂಟು?”

ಹೃಷೀಕೇಶ ಹೇಳಿದ. ನಲವತ್ತು ಮರ, ಖಾಯಂ, ಎರಡು ಕೋಣೆ, ದೀಪಾವಳಿ.

“ಅಷ್ಟು ದಿನ ಬುಡ ಹಸಿದರೆ ಹತ್ತರಲ್ಲಿ ಒಂದು ಚಿಗುರೀತು. ಅದೂ ಹೇಳಲಿಕ್ಕೆ ಬರುವುದಿಲ್ಲ,” ಎಂದು ಮುದುಕ ಪುನಃ ಸಸಿಗಳ ನಡುವೆ ಕೂತ. ಕೂತ ಮೇಲೆ, ತಲೆ ಎತ್ತದೆ, “ನಾನಾದರೆ ಕೋಣೆ ತೆಗೆದುಕೊಳ್ಳುತ್ತಿದ್ದೆ,” ಎಂದ.

ಅಮ್ಮನೂ ಅದನ್ನೇ ಹೇಳಿದಳು, ಇನ್ನೂ ಮೆತ್ತಗೆ. “ಎಣಿಸುವವರು ಎಣಿಸಲಿ ಮಗಾ. ಹಸಿರು ಕಂಡರೆ ಅವರು ಎಣಿಸುತ್ತಾರೆ. ನೀನು ಸುಳ್ಳು ಹೇಳುವುದು ಬೇಡ, ಸುಮ್ಮನೆ ನಿಂತರೆ ಸಾಕು.”

ಸುಮ್ಮನೆ ನಿಲ್ಲುವುದರಲ್ಲಿ ಅವನಿಗೆ ಐದು ವರ್ಷದ ಅನುಭವ ಇತ್ತು. ಹನ್ನೆರಡು ದಿನ ಹಾಗೆಯೇ ನಿಂತ. ಸುಮ್ಮನೆ ಎಂದರೆ ಪೂರ್ತಿ ಸುಮ್ಮನೆ ಅಲ್ಲ. ಕೆಂಪುಮಣ್ಣಿಗೆ ಸೆಗಣಿ ಕಲಸಿ ಗಾಯಕ್ಕೆಲ್ಲ ಮೆತ್ತಿದ, ಮೇಲೆ ಗೋಣಿ ಸುತ್ತಿ ಹಗ್ಗ ಬಿಗಿದ. ಆ ಮೂರು ಮರಕ್ಕೆ ಅದು ಮದ್ದು. ಉಳಿದ ನಲವತ್ತೊಂದಕ್ಕೆ ಅದು ಬಟ್ಟೆ, ಅಷ್ಟೆ. ಕಾಣಬಾರದ್ದನ್ನು ಮುಚ್ಚುವ ಬಟ್ಟೆ.

“ಮರಕ್ಕೆ ಪಂಚೆ ಉಡಿಸಿದ್ದೀರಿ,” ಎಂದು ಡುಲ್ಸಿನ್ ಬಾಯಿ ಗೇಟಿನಿಂದ ನಕ್ಕರು. “ಚಂದ ಉಂಟು.”

“ಮದುವೆಗೆ ಹೊರಟಿವೆ ಬಾಯಿ,” ಎಂದ ಅವನು. ಹೇಳಿದ ಮೇಲೆ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು.

ದಿನಾ ಬೆಳಿಗ್ಗೆ ತಲೆ ಎತ್ತಿ ನೋಡುತ್ತಿದ್ದ. ಎಲೆ ಫಳಫಳ ಹೊಳೆಯುತ್ತಿತ್ತು, ಹಿಂದೆಂದೂ ಇಲ್ಲದಷ್ಟು. ಇಳಿಯಲಾರದ ಊಟವೆಲ್ಲ ಮೇಲೆಯೇ ಸೇರಿ ಮರ ಕೊಬ್ಬಿದ ಹಾಗೆ ಕಾಣುತ್ತಿತ್ತು. ಆ ಹೊಳಪು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಅನ್ನ ಸೇರುತ್ತಿರಲಿಲ್ಲ. ತಾನು ಖಾಯಂ ಆಗುವ ದಿನಕ್ಕೂ ಅವು ಸಾಯುವ ದಿನಕ್ಕೂ ನಡುವೆ ಉಳಿದಿದ್ದ ಅಂತರವನ್ನು ಲೆಕ್ಕ ಹಾಕುವುದೇ ಅವನ ಮೇಲ್ವಿಚಾರಣೆಯಾಯಿತು.

ಆಗಸ್ಟ್ ಹದಿನೆಂಟರಂದು ಒಂದು ಗೋಣಿ ಬಿಚ್ಚಿ ನೋಡಿದ. ಬಿಳಿ ಮೈ ಕಂದಿತ್ತು, ಉದ್ದಕ್ಕೆ ಬಿರುಕು ಬಿಟ್ಟಿತ್ತು. ಬಿರುಕಿನಿಂದ ಸಣ್ಣ ಹುಳ ಕೊರೆದ ಹಿಟ್ಟು ಉದುರುತ್ತಿತ್ತು. ಬುಡದ ತೊಗಟೆಯನ್ನು ಉಗುರಿನಲ್ಲಿ ಗೀರಿದ. ಇನ್ನೂ ಹಸಿರು. ಇನ್ನೂ.

ಆಗ ಅವನಿಗೆ ಒಂದು ಲೆಕ್ಕ ಹೊಳೆಯಿತು. ಇರುವುದು ನಲವತ್ತನಾಲ್ಕು. ಬೇಕಾದದ್ದು ನಲವತ್ತು. ಅಂದರೆ ನಾಲ್ಕನ್ನು ಕಡಿಯಬಹುದು. ನಾಲ್ಕು ಬುಡ ಬದುಕುತ್ತವೆ, ಕೋಣೆಯೂ ಬದುಕುತ್ತದೆ. ಧರ್ಮಕ್ಕೆ ನಾಲ್ಕು, ತನಗೆ ನಲವತ್ತು. ಇಷ್ಟು ಸೊಗಸಾದ ಪಾಲುಪಟ್ಟಿಯನ್ನು ಯಾವ ಶಾನುಭೋಗನೂ ಬರೆದಿರಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಹನಿಯುವ ಮಳೆಯಲ್ಲೇ ಗರಗಸ ತಂದು ಮೇಲಿನ ತುದಿಯಿಂದ ಸುರುಮಾಡಿದ. ಪಾಲೆ ಮೆದು ಮರ, ಗರಗಸಕ್ಕೆ ತಕರಾರು ಮಾಡುವುದಿಲ್ಲ. ಒಂದು, ಎರಡು, ಮೂರು. ಕೊಂಬೆಗಳನ್ನು ರಸ್ತೆಯ ಬದಿಗೆ ಎಳೆದ, ಬುಡಕ್ಕೆ ಸೆಗಣಿ ಮೆತ್ತಿದ. ನಾಲ್ಕು. ಹಿಂದೆ ತಿರುಗಿ ನೋಡಿದ. ರಸ್ತೆಯ ಆ ತುದಿಯಲ್ಲಿ ಆಕಾಶ ದೊಡ್ಡದಾಗಿತ್ತು. ಮುಗಿಯಿತು, ಇನ್ನು ಮನೆಗೆ ಹೋಗಬಹುದು.

ಐದನೆಯ ಮರದ ಬುಡದಲ್ಲಿ ಕೂತು ಬೀಡಿ ಹಚ್ಚಿದ. ಅದು ೧೯೮೨ರ ಬೇಸಿಗೆಯಲ್ಲಿ ಹೆಚ್ಚುಕಡಿಮೆ ಸತ್ತೇ ಹೋಗಿದ್ದ ಗಿಡ. ಹೊಂಡದಡಿ ಬಂಡೆ ಸಿಕ್ಕಿ ಬೇರು ಇಳಿದಿರಲಿಲ್ಲ. ಎರಡು ದಿನ ಹಾರೆಯಲ್ಲಿ ಬಂಡೆ ಕೆತ್ತಿ ದಾರಿ ಮಾಡಿಕೊಟ್ಟಿದ್ದ. ಬೀಡಿ ಮುಗಿಯಿತು. ಇನ್ನೊಂದು ಹಚ್ಚಿದ. ಅಮ್ಮ ಇದ್ದಿಲಿನಲ್ಲಿ ಹಾಕಿದ ಗುರುತು ನೆನಪಾಯಿತು: ಇಲ್ಲಿ ಒಲೆ, ಇಲ್ಲಿ ಹಂಡೆ. ಎದ್ದ. ಹೋಗಬೇಕೆಂದೇ ಎದ್ದದ್ದು. ಗರಗಸವನ್ನು ಹೆಗಲಿಗೆ ಹಾಕಬೇಕಾದ ಕೈ ಅದನ್ನು ಬುಡಕ್ಕೆ ಇಟ್ಟಿತು. ಅದು ಧೈರ್ಯವಾಗಿರಲಿಲ್ಲ, ಧರ್ಮವಂತೂ ಅಲ್ಲವೇ ಅಲ್ಲ. ಹನ್ನೆರಡು ದಿನ ಸುಮ್ಮನೆ ನಿಂತು ನಿಂತು ಕಾಲು ಸೋತಿತ್ತು, ಅಷ್ಟೆ. ಐದನೆಯದು ಬಿದ್ದ ಮೇಲೆ ಆರನೆಯದಕ್ಕೆ ತಡೆಯೇ ಇರಲಿಲ್ಲ. ತಾನು ಅಳುತ್ತಿದ್ದೇನೆಂದು ಅವನಿಗೇ ಗೊತ್ತಾದದ್ದು ಏಳನೆಯದರಲ್ಲಿ, ಮಳೆ ನಿಂತ ಮೇಲೆ.

ಹನ್ನೊಂದನೆಯದು ನೆಲಕ್ಕೆ ಬೀಳುವಾಗ ನರ್ಮದಕ್ಕ ಹೊರಗೆ ಬಂದರು. ಹಿಂದೆ ಡುಲ್ಸಿನ್ ಬಾಯಿ. ನಾಲ್ಕೈದು ಮನೆಗಳ ಬಾಗಿಲು ತೆರೆಯಿತು. ಮಾಸ್ಟ್ರು ಪತ್ರಿಕೆ ಕೈಯಲ್ಲಿ ಹಿಡಿದೇ ಓಡಿ ಬಂದರು.

“ಹಸಿ ಮರ ಕಡಿಯುತ್ತೀರಲ್ಲ, ನಿಮಗೆ ಪಾಪ ಎಂದರೆ ಗೊತ್ತುಂಟಾ?” ಎಂದರು ನರ್ಮದಕ್ಕ.

“ಇದು ಸತ್ತಿದೆ ನರ್ಮದಕ್ಕ. ಬುಡವಾದರೂ ಉಳಿಯಲಿ ಅಂತ.”

“ಸತ್ತದ್ದಕ್ಕೆ ಇಷ್ಟು ಎಲೆ ಇರುತ್ತದಾ? ನನಗೆ ಕಣ್ಣಿಲ್ಲವಾ?”

“ನೀವೆಲ್ಲ ತೊಗಟೆ ತೆಗೆದದ್ದು—”

“ನಾವು ತೆಗೆದದ್ದು ಒಂದು ಹಿಡಿ. ಮದ್ದಿಗೆ. ಒಂದು ಹಿಡಿಗೆ ಮರ ಸಾಯುತ್ತದಾ?”

ಅದು ನಿಜ. ಪ್ರತಿಯೊಬ್ಬರೂ ತೆಗೆದದ್ದು ಒಂದು ಹಿಡಿ. ಡುಲ್ಸಿನ್ ಬಾಯಿ ಹನ್ನೆರಡನೆಯ ಮರಕ್ಕೆ ಬೆನ್ನು ಕೊಟ್ಟು ನಿಂತರು. ಒಮ್ಮೆ ಅದೇ ಮರ ಕಡಿಸಬೇಕೆಂದು ಅರ್ಜಿಗೆ ಮೊದಲ ಸಹಿ ಹಾಕಿದವರು ಅವರು. ಮಾಸ್ಟ್ರು ಅವನ ಕೈಯಿಂದ ಗರಗಸ ತೆಗೆದುಕೊಂಡರು, ಮಕ್ಕಳ ಕೈಯಿಂದ ಗೋಲಿ ತೆಗೆದುಕೊಳ್ಳುವ ಹಾಗೆ, ಮೆಲ್ಲಗೆ.

ಮೂವತ್ತೊಂದರಂದು ಮಹಾಸಭೆಗೆ ಮೊದಲು ಮಾಸ್ಟ್ರು ಕೊಡೆಯ ತುದಿಯಿಂದ ಒಂದೊಂದನ್ನೇ ಮುಟ್ಟಿ ಎಣಿಸಿದರು. ಮೂವತ್ತಮೂರು. ಎಲ್ಲವೂ ಹಸಿರು. ಅಷ್ಟರಲ್ಲಿ ಕಡಿದ ಹನ್ನೊಂದರಲ್ಲಿ ಎರಡು ಬುಡಗಳ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು ಚಿಗುರುಕಣ್ಣು ಮೂಡಿತ್ತು. ತೋರಿಸಿದರೂ ಯಾರಿಗೂ ಕಾಣುವಷ್ಟು ದೊಡ್ಡದಲ್ಲ.

ಸಭೆಯಲ್ಲಿ ಅವನಿಗೆ ಮಾತಾಡಲು ಐದು ನಿಮಿಷ ಕೊಟ್ಟರು. ನೀರು ಹತ್ತುವ ದಾರಿ, ಅನ್ನ ಇಳಿಯುವ ದಾರಿ, ಬೇರಿನ ಉಪವಾಸ, ಎಲ್ಲವನ್ನೂ ಕ್ರಮವಾಗಿ ಹೇಳಬೇಕೆಂದು ರಾತ್ರಿಯಿಡೀ ಜೋಡಿಸಿಕೊಂಡಿದ್ದ. ಎದ್ದು ನಿಂತ. ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದಾಗ ಹಳೆಯ ಅಭ್ಯಾಸ ತಾನಾಗಿ ಬಾಯಿ ತೆರೆಯಿತು: “ನಾನು ಬಿ.ಎಸ್ಸಿ. ಮೂರನೆಯ ದರ್ಜೆ ಎಂಬುದು ನಿಮಗೆಲ್ಲ ಗೊತ್ತೇ ಉಂಟು...”

ಎಲ್ಲರೂ ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ನಕ್ಕರು. ಆಮೇಲೆ ಅವನು ಹೇಳಿದ್ದಕ್ಕೂ ನಗುವ ತಯಾರಿಯಲ್ಲೇ ಕೂತಿದ್ದರು. ಐದು ನಿಮಿಷ ಮೂರರಲ್ಲಿ ಮುಗಿಯಿತು. ಗುತ್ತಿಗೆದಾರನಿಗೆ ಕೆಲಸ, ಅವನ ಕಾವಲುಗಾರನಿಗೆ ಕೋಣೆ ಎಂದು ಠರಾವಾಯಿತು.

ದೀಪಾವಳಿಗೆ ನಾಲ್ಕು ದಿನ ಮೊದಲು ತಾಯಿ ಮಗ ಉದ್ಯಾವರದಲ್ಲಿ ಒಂದು ಹಂಚಿನ ಕಾರ್ಖಾನೆಯ ಹಿಂದೆ ಸಿಕ್ಕಿದ ಕೋಣೆಗೆ ಹೋದರು. ಒಲೆ ಎಲ್ಲಿಡುವುದು ಎಂಬ ಪ್ರಶ್ನೆ ಅಲ್ಲಿ ಬರಲಿಲ್ಲ. ಒಂದೇ ಮೂಲೆ ಖಾಲಿಯಿತ್ತು. ಅಮ್ಮ ಅವನನ್ನು ಬೈಯಲಿಲ್ಲ. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದಳು. ಅದನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದು ಸುಲಭವಿತ್ತು. ಅವನು ಹಂಚು ಹೊರುವ ಕೆಲಸಕ್ಕೆ ಸೇರಿದ. ಅದೂ ದಿನಗೂಲಿಯೇ.

ಡಿಸೆಂಬರಿನಲ್ಲಿ ಮಾಸ್ಟ್ರಿಂದ ಕಾರ್ಡು ಬಂತು. ಮರಗಳು ಒಣಗಿವೆ. ಸಿಲ್ವೆಸ್ಟರರ ಕಾರಿನ ಮೇಲೆ ಕೊಂಬೆ ಬಿದ್ದಿದೆ. ಗುತ್ತಿಗೆದಾರ ಕಡಿಯುವ ಕೆಲಸ ತನ್ನ ಒಪ್ಪಂದದಲ್ಲಿ ಇಲ್ಲವೆನ್ನುತ್ತಾನೆ. ತಾವು ಬಂದು ಕಡಿದುಕೊಟ್ಟರೆ ದಿನಗೂಲಿ ಕೊಡಲಾಗುವುದು.

ಹೋಗಬಾರದೆಂದು ಎರಡು ದಿನ ಅಂದುಕೊಂಡ. ಮೂರನೆಯ ದಿನ ಹೋದ. ಮೂವತ್ತು ಮರ ಬೂದಿಬಣ್ಣದ ಕಂಬಗಳಾಗಿ ನಿಂತಿದ್ದವು, ಎಲೆ ಒಂದೂ ಇಲ್ಲ. ಬಿಸಿಲು ಮೊದಲಿನ ಹಾಗೆ ನೆಲಕ್ಕೆ ಬಿದ್ದಿತ್ತು. ಪಂಪ್‌ಹೌಸಿನ ಹತ್ತಿರದ ಮೂರು ಮಾತ್ರ ಹಸಿರಾಗಿದ್ದವು. ತಾನು ಕಡಿದ ಹನ್ನೊಂದನ್ನು ಹುಡುಕಿದ. ಆ ಜಾಗದಲ್ಲಿ ಹನ್ನೊಂದು ಅಶೋಕದ ಗಿಡಗಳು ಸಾಲಾಗಿ ನಿಂತಿದ್ದವು.

“ಬುಡಗಳು ಎಲ್ಲಿ ಸರ್?”

“ಗುತ್ತಿಗೆದಾರ ಕಿತ್ತ. ಪೊದೆಯ ಹಾಗೆ ಚಿಗುರಿ ಅಸಹ್ಯ ಕಾಣುತ್ತಿತ್ತು,” ಎಂದರು ಮಾಸ್ಟ್ರು. ಹೇಳಿದ ಮೇಲೆ ಅವರಿಗೂ ಏನೋ ಹೊಳೆದಿರಬೇಕು. ಕೊಡೆಯ ತುದಿಯಿಂದ ನೆಲವನ್ನು ಸ್ವಲ್ಪ ಹೊತ್ತು ಕೆದಕಿದರು. “ಚಿಗುರಿತ್ತು. ಹನ್ನೊಂದೂ ಚಿಗುರಿತ್ತು. ನೀವು ಹೇಳಿದ್ದು ಸರಿಯಿತ್ತು ಹೃಷೀಕೇಶ್.”

ಮೂವತ್ತನ್ನು ಕಡಿಯಲು ನಾಲ್ಕು ದಿನ ಹಿಡಿಯಿತು. ಒಂದೂ ತಂತಿಯ ಮೇಲೆ ಬೀಳಲಿಲ್ಲ, ಒಂದೂ ಗೋಡೆಗೆ ತಾಗಲಿಲ್ಲ. ಈ ಸಲ ಯಾರೂ ಬಾಗಿಲು ತೆರೆದು ಬರಲಿಲ್ಲ. ನರ್ಮದಕ್ಕ ಒಳಗಿನಿಂದ ಮಜ್ಜಿಗೆ ಕಳಿಸಿದರು.

ಕೊನೆಯ ದಿನ ಅವನು ಮಾಸ್ಟ್ರಲ್ಲಿ ಒಂದು ಸರ್ಟಿಫಿಕೇಟು ಕೇಳಿದ. ಬೇರೆಲ್ಲಾದರೂ ಗಿಡಮರದ ಕೆಲಸ ಸಿಕ್ಕಿದರೆ ತೋರಿಸಲು ಆಗುತ್ತದೆ ಎಂದ. ಮಾಸ್ಟ್ರಿಗೆ ಕೊಡುವುದಕ್ಕೆ ಏನಾದರೂ ಬೇಕಿತ್ತು. ಸಂಘದ ಹಾಳೆಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ಅಲ್ಲೇ ಕೂತು ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಟ್ಟರು. ಹೃಷೀಕೇಶ ಓದಿದ: ‘ಶ್ರೀ ಹೃಷೀಕೇಶ ಇವರು ನಮ್ಮ ಬಡಾವಣೆಯ ಮುಖ್ಯರಸ್ತೆಯ ನಲವತ್ತೊಂದು ಮರಗಳನ್ನು ಯಾವ ಅಪಾಯವೂ ಆಗದಂತೆ ಕಡಿದಿರುತ್ತಾರೆ. ಇವರ ನಡತೆ ಉತ್ತಮ.’

ಎರಡು ಸಲ ಓದಿದ.

“ನೆಟ್ಟದ್ದೂ ನಾನೇ ಅಂತ ಒಂದು ಸಾಲು ಸೇರಿಸುತ್ತೀರಾ ಸರ್?”

ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ತೆಗೆದುಕೊಂಡರು. ಬರಹ ಮುಗಿದಲ್ಲೇ ಸಹಿ ಇತ್ತು, ಸಹಿಗೆ ತಾಗಿ ಮೊಹರು. ಪೆನ್ನಿನ ತುದಿಯನ್ನು ಅಲ್ಲಿ ಇಲ್ಲಿ ಆಡಿಸಿ ನೋಡಿದರು.

“ಜಾಗ ಇಲ್ಲವಲ್ಲ ಹೃಷೀಕೇಶ್,” ಎಂದರು.